ಕೀಲಿ ಹಿಡಿದವನು ಎಚ್ಚರವಿದ್ದರೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಎದುರಿಗೆ ರಸ್ತೆ ಇದೆಯೆಂದು ನಂಬಿಕೊಂಡೇ ದಾಟಬೇಕಿತ್ತು. ಕಚೇರಿಯವರೆಲ್ಲ ಲೆಕ್ಕದಕ್ಕ ಎಂದು ಕರೆಯುವ ಹೆಂಗಸು ಹಾಗೆಯೇ ದಾಟಿ ಬಂದಳು. ಊರಿಗೆಲ್ಲ ಕರೆಂಟು ಹಂಚಲಿರುವ ಕೃತಕ ಬುದ್ಧಿಮತ್ತೆ ಎಂದಿಗೂ ಕೇಡು ಮಾಡದು ಎಂದು ಗಣಿತದಿಂದ ಸಾಧಿಸಿ ಬರೆದ ನಾನೂರು ಪುಟಗಳು ಅವಳ ಮೇಜಿನ ಮೇಲಿದ್ದವು. ಹನ್ನೊಂದು ವಾರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಸಾಲುಸಾಲನ್ನೂ ಪರೀಕ್ಷಿಸಿದ್ದಳು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಇವತ್ತು ಅವಳು ರುಜು ಹಾಕಿದರೆ ನಾಳೆ ಯಂತ್ರ ಶುರು.

ಕಾಡುತ್ತಿದ್ದುದು ಮೂರನೆಯ ಪುಟದ ಒಂದೇ ಸಾಲು: ‘ಕೀಲಿ ಹಿಡಿದವನು ಸದಾ ಎಚ್ಚರವಿರುತ್ತಾನೆಂದು ಇಟ್ಟುಕೊಳ್ಳೋಣ.’ ಯಂತ್ರ ದಾರಿ ತಪ್ಪಿದರೆ ನೆಲಮಾಳಿಗೆಯ ಕಾವಲುಗಾರ ಕೀಲಿ ತಿರುಗಿಸಿ ನಿಲ್ಲಿಸಬೇಕು. ಉಳಿದ ಪುಟಗಳೆಲ್ಲ ಆ ಸಾಲಿನ ಹೆಗಲೇರಿ ಕೂತಿದ್ದವು.

ಕೆಳಗಿಳಿದು ನೋಡಿದಳು. ಅಭ್ಯಾಸಕ್ಕೆಂದು ಒಂದು ವಾರದಿಂದ ಅಲ್ಲಿ ಕೂರಿಸಿದ್ದ ಕಾವಲುಗಾರ, ಎಲ್ಲರ ಬಾಯಲ್ಲಿ ಕೀಲಿ ಮಾವ, ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಮನೆಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಳು. ಅವಳ ಆರೈಕೆಯೂ ಅವನದೇ. ಲೆಕ್ಕದಕ್ಕ ಅವನ ಬಿಚ್ಚಿದ ಅಂಗೈಯಿಂದ ಕೀಲಿಯನ್ನು ಮೆಲ್ಲಗೆ ಎತ್ತಿಕೊಂಡಳು. ಗೊರಕೆ ತಾಳ ತಪ್ಪಲಿಲ್ಲ.

ಮೇಲೆ ಅವಳ ಮೇಜಿನ ಬಳಿ ಯೋಜನೆಯ ಮುಖ್ಯಸ್ಥ ಕಾಯುತ್ತಿದ್ದ. ವಯಸ್ಸಿನಲ್ಲಿ ಅವಳ ತಮ್ಮನಂಥವನು. ಅವನ ಕಣ್ಣೂ ಕೆಂಪಗಿತ್ತು.

“ಏನಕ್ಕಾ, ಇನ್ನೂ ಮೀನಮೇಷ ಎಣಿಸ್ತಿದ್ದೀರಾ?”

ಆ ಸಾಲು ಬಿದ್ದರೆ ಎಲ್ಲವೂ ಬೀಳುತ್ತದೆ ಎಂದಳು. ಅದಕ್ಕೇನು, ತೂಕಡಿಸುವವನನ್ನು ತೆಗೆದು ಬೇರೊಬ್ಬನನ್ನು ಕೂರಿಸಿದರಾಯಿತು ಎಂದ ಅವನು, ಯಾರಾದರೂ ತೂಕಡಿಸಿದ್ದನ್ನು ಕಂಡಿರಾ ಎಂದೂ ಕೇಳಿದ.

ಹೇಳಿದರೆ ಮಾವನ ಹೊಟ್ಟೆಯ ಮೇಲೆ ಹೊಡೆದ ಹಾಗೆ. ಹೇಳದಿದ್ದರೆ ರುಜು ಹಾಕಬೇಕು. ಜೇಬಿನೊಳಗೆ ಕೀಲಿ ತಣ್ಣಗಿತ್ತು. ಅವಳು ಪುಟಗಳ ಕಟ್ಟನ್ನು ಎಳೆದುಕೊಂಡು ಇನ್ನೂರ ಹನ್ನೆರಡನೆಯ ಪುಟ ತೆರೆದಳು. ಸರಿ ಎಂದು ಅವಳೇ ಹಾಕಿದ ಗುರುತು ಸಾಲು ಬಿಟ್ಟು ಜಾರಿ, ಕಾಗದದ ಅಂಚಿನವರೆಗೂ ಹರಿದಿತ್ತು.

“ಇಲ್ಲಿ ನಾನೇ ನಿದ್ದೆ ಹೋಗಿದ್ದೆ, ನೋಡಪ್ಪಾ. ಯಾರನ್ನ ಕೂರಿಸಿದ್ರೂ ಇದೇ ಕತೆ. ಲೆಕ್ಕ ಸರಿಯಾಗೇ ಇದೆ. ಅದರೊಳಗಿರೋ ಮನುಷ್ಯ ಮಾತ್ರ ಇನ್ನೂ ಹುಟ್ಟಿಲ್ಲ.”

ಅವನು ಆ ಗೆರೆಯನ್ನು ಬಹಳ ಹೊತ್ತು ನೋಡಿದ.

“ಮೂರು ವರ್ಷದ ದುಡಿಮೆ, ಅಕ್ಕಾ,” ಎಂದು ತಲೆಯನ್ನು ಮೇಜಿಗೆ ಆನಿಸಿದ.

ನಿದ್ದೆಯಿಲ್ಲದೆ ಕಾಯುವವನು ದೇವರೊಬ್ಬನೇ. ಅವನನ್ನು ಈ ಕುರ್ಚಿಗೆ ಕರೆತರುವ ವಿದ್ಯೆ ಯಾರಿಗಿದೆ ಎಂದುಕೊಂಡಳು. ‘ಹೆಜ್ಜೆಗಳೆಲ್ಲ ಸರಿ, ಮೂರನೆಯ ಪುಟ ಸಾಧಿತವಾಗಿಲ್ಲ’ ಎಂದು ಬರೆದು, ರುಜುವಿನ ಜಾಗವನ್ನು ಖಾಲಿ ಬಿಟ್ಟಳು.

ಕೆಳಗೆ ಮಾವ ಎದ್ದು, ಮೊಣಕಾಲೂರಿ ಕುರ್ಚಿಯಡಿ ತಡಕಾಡುತ್ತಿದ್ದ. ಲೆಕ್ಕದಕ್ಕ ಪಕ್ಕದಲ್ಲಿ ಕೂತು, ಅವನ ಅಂಗೈಯಲ್ಲಿ ಕೀಲಿಯಿಟ್ಟು ಬೆರಳುಗಳನ್ನು ಮಡಿಸಿದಳು.