ಹಳದಿ ಗೆರೆಯ ಬೋಲ್ಟು

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಮೆಕ್ಯಾನಿಕ್. ಕಾರಿನ ವಿಷಯಕ್ಕೆ ಮನೆಯಲ್ಲಿ ಅವರು ಹೇಳಿದ್ದೇ ಕೊನೆಯ ಮಾತು. ಕಾರು ಮಾತ್ರ ನನ್ನದು, ನನ್ನ ಸಂಬಳದಲ್ಲಿ ಕೊಂಡದ್ದು. ಊರಿನ ಆ ತುದಿಯ ಆಸ್ಪತ್ರೆಯಲ್ಲಿ ನಾನು ನರ್ಸ್. ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಇರುವುದಿಲ್ಲ. ಕಾರು ಹೋದರೆ ಕೆಲಸವೂ ಹೋದಂತೆಯೇ.

ಎಂಟು ತಿಂಗಳ ಹಿಂದೆ ಮುಂದಿನ ಚಕ್ರಗಳ ಬುಶ್ ಬದಲಾಯಿಸಿಕೊಟ್ಟವರು ಭಾವನೇ. ಚಕ್ರ ಹಿಡಿದಿರುವ ಕಬ್ಬಿಣದ ತೋಳು ಕಾರಿನ ಅಡಿಗೆ ಸೇರುವ ಕಡೆ ಕೂರುವ ರಬ್ಬರು ಅದು. ಈಗ ಮತ್ತೆ ಕಟಕಟ ಶುರುವಾಗಿತ್ತು. ಭಾವ ಬಗ್ಗಿ ಕೂಡ ನೋಡಲಿಲ್ಲ. ಹೊಸ ಬುಶ್ ಇಷ್ಟು ಬೇಗ ಹರಿದಿದೆ ಎಂದರೆ ಓಡಿಸುವವರ ಕೈ ಸರಿಯಿಲ್ಲ ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ತೀರ್ಪು ಕೊಟ್ಟರು. ಕಾರು ಮಾರಿಬಿಡೋಣ, ಸೋಮವಾರ ಗಿರಾಕಿಯನ್ನು ಕರೆತರುತ್ತೇನೆ ಎಂದೂ ಸೇರಿಸಿದರು. ನನ್ನ ಗಂಡ ಇನ್ನಷ್ಟು ಸಾರು ಬಡಿಸಿಕೊಂಡರು. ಅಣ್ಣನೆದುರು ಅವರಿಗೆ ಬಾಯಿಯೇ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಗಿರಾಕಿ ಬೇಡ ಭಾವ. ಬುಶ್ ನಾನೇ ಹಾಕ್ತೀನಿ," ಎಂದೆ.

ಭಾವ ನಕ್ಕರು. ಭಾನುವಾರ ತಾವೇ ಓಡಿಸಿ ನೋಡುವುದಾಗಿಯೂ, ಶಬ್ದ ಬಂದರೆ ನಾನು ಮರುಮಾತಿಲ್ಲದೆ ಕೀ ಕೊಡಬೇಕೆಂದೂ ಹೇಳಿದರು. ಆಗಲಿ ಎಂದುಬಿಟ್ಟೆ. ಮರುದಿನವೇ ಹೊಸ ಬುಶ್ ಕೊಂಡು ತಂದು, ಹಾಕುವ ವಿಡಿಯೋಗಳನ್ನು ಮತ್ತೆ ಮತ್ತೆ ನೋಡಿದೆ.

ಶನಿವಾರ ಬೆಳಿಗ್ಗೆ ಟಾರ್ಚ್ ಹಿಡಿದು ಕಾರಿನಡಿ ಇಣುಕಿದೆ. ರಬ್ಬರಿನ ಸೀಳುಗಳು ಉಗುರು ತೂರುವಷ್ಟು ಬಾಯಿ ಬಿಟ್ಟಿದ್ದವು. ಆಮೇಲೆ ಜಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಬಿಚ್ಚಿ ನೋಡಿದರೆ ಅವೇ ಸೀಳುಗಳು ಮುಚ್ಚಿಕೊಂಡಿದ್ದವು. ನನಗೆ ತಲೆಬುಡ ತಿಳಿಯಲಿಲ್ಲ.

ಅತ್ತೆ ಸ್ಪ್ಯಾನರುಗಳನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು. ಕನ್ನಡಕ ಏರಿಸಿ, ಹೊಸ ಬುಶ್‌ನ ಡಬ್ಬಿಯಲ್ಲಿದ್ದ ಚೀಟಿ ಓದಿ ಹೇಳಿದರು. ಚಕ್ರ ನೆಲಕ್ಕಿಳಿದು ಕಾರಿನ ಭಾರ ಬಿದ್ದ ಮೇಲೆಯೇ ಬೋಲ್ಟನ್ನು ಪೂರ್ತಿ ಬಿಗಿಯಬೇಕಂತೆ. ತೋಳು ಜೋತಾಡುವಾಗಲೇ ಬಿಗಿದರೆ, ಕಾರು ಇಳಿಸಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದಂತೆ. ಭಾರ ಬಿದ್ದಾಗ ಬಾಯಿ ಬಿಟ್ಟ ಸೀಳು, ತೋಳು ಜೋತಾಡುವಾಗ ಮುಚ್ಚಿಕೊಂಡದ್ದು ಅದಕ್ಕೇ.

ಭಾವನಿಗೊಂದು ಅಭ್ಯಾಸವಿದೆ. ತಾವು ಬಿಗಿದ ಬೋಲ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಹಳದಿ ಬಣ್ಣದ ಗೆರೆ ಎಳೆಯುತ್ತಾರೆ. ಬೇರೆಯವರು ಕೈ ಹಾಕಿ ತಿರುಗಿಸಿದರೆ ಗೆರೆ ತುಂಡಾಗಿ ಗೊತ್ತಾಗಲಿ ಎಂದು. ಆ ಗೆರೆ ಎಲ್ಲೂ ತುಂಡಾಗದೆ ಹಾಗೆಯೇ ಇತ್ತು. ತೋಳು ಜೋತಾಡುವಾಗ ಅವರೇ ಬಿಗಿದು, ಗೂಬೆಯನ್ನು ನನ್ನ ತಲೆ ಮೇಲೆ ಕೂರಿಸಿದ್ದರು. ಗೆರೆಯೂ ಮುಚ್ಚಿಕೊಂಡ ಸೀಳುಗಳೂ ಕಾಣುವಂತೆ ಫೋಟೋ ತೆಗೆದುಕೊಂಡೆ.

ಬೋಲ್ಟು ಬಿಚ್ಚಿ ತೋಳನ್ನು ಹೊರಗೆ ತೆಗೆದೆ. ಹಳೇ ಬುಶ್ ಜಪ್ಪಯ್ಯ ಅಂದರೂ ಕದಲಲಿಲ್ಲ. ಅದರ ಹೊರಗಿನ ಉಕ್ಕಿನ ಬಳೆಯನ್ನು ಗರಗಸದಿಂದ ಸೀಳಿ, ಸುತ್ತಿಗೆಯಿಂದ ಬಡಿದು ಉರುಳಿಸಿದೆ. ಹೊಸದಕ್ಕೆ ಸಾಬೂನು ನೀರು ಸವರಿ, ಉದ್ದ ಬೋಲ್ಟು, ದಪ್ಪ ವಾಷರು ಹಾಕಿ ಸುತ್ತು ಸುತ್ತಾಗಿ ಎಳೆದು ಕೂರಿಸಿದೆ. ಎರಡನೇ ಕಡೆ ಮುಗಿಯುವಷ್ಟರಲ್ಲಿ ಬೆರಳ ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು. ತೋಳುಗಳನ್ನು ಮತ್ತೆ ಸೇರಿಸಿ, ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟೆ. ಚಕ್ರ ಹಾಕಿ, ಅಡಿಗೆ ತೂರಲು ಜಾಗ ಸಿಗಲೆಂದು ನಾಲ್ಕೂ ಚಕ್ರಗಳಡಿ ದಪ್ಪ ಹಲಗೆ ಕೊಟ್ಟು, ಕಾರಿನ ಪೂರ್ತಿ ಭಾರ ಇಳಿಸಿ, ಅಡಿಗೆ ತೆವಳಿ ಹಲ್ಲು ಕಚ್ಚಿ ಬಿಗಿದೆ. ಇದನ್ನು ಮಾಡಿದವಳು ನಾನು ಎಂದು ಕೂಗಿ ಹೇಳಬೇಕೆನಿಸಿತು.

ಭಾನುವಾರ ಮಧ್ಯಾಹ್ನ ಭಾವ ಬಂದು ಕಾರು ಓಡಿಸಿದರು. ಬೀದಿಯ ಗುಂಡಿಗಳನ್ನೆಲ್ಲ ಹುಡುಕಿ ಹುಡುಕಿ ಇಳಿಸಿದರು. ತುಟಿಪಿಟಕ್ಕೆನ್ನಲಿಲ್ಲ ಕಾರು. ವಾಪಸು ಬಂದು, ಯಾವ ಗ್ಯಾರೇಜಿನಲ್ಲಿ ಮಾಡಿಸಿದೆ ಎಂದು ಕೇಳಿದರು. ನಾನೇ ಮಾಡಿದ್ದು ಎಂದು ಫೋನು ಅವರ ಕೈಗೆ ಕೊಟ್ಟೆ. ಫೋಟೋದಲ್ಲಿದ್ದ ಹಳದಿ ಗೆರೆಯನ್ನೂ ಸೀಳುಗಳನ್ನೂ ಬೆರಳಿನಿಂದ ಹಿಗ್ಗಿಸಿ ನೋಡಿದರು. ಅವಸರದಲ್ಲಿ ಒಮ್ಮೊಮ್ಮೆ ಹಾಗಾಗುತ್ತದೆ, ಹೊರಗೆ ಹೇಳಬೇಡ ಎಂದರು.

ಅತ್ತೆ ಬಿಡಲಿಲ್ಲ. "ಎಲ್ಲರೆದುರು ಅವಳ ಕೈ ಸರಿಯಿಲ್ಲ ಅಂದ್ಯಲ್ಲೋ. ಈಗ ಯಾರ ಕೈ ಸರಿಯಿಲ್ಲ ಅಂತ ಎಲ್ಲರೆದುರೇ ಹೇಳು."

ಭಾವ ಕತ್ತು ತುರಿಸಿಕೊಂಡರು. ತಪ್ಪು ತಮ್ಮದೇ ಎಂದು ನೆಲಕ್ಕೆ ಹೇಳಿದರು. ಆಮೇಲೆ ದೊಡ್ಡ ಮನಸ್ಸು ಮಾಡಿದವರ ಹಾಗೆ ತಲೆಯೆತ್ತಿ, "ಸರಿ, ಹೋಗ್ಲಿ. ಕಾರು ನೀನೇ ಇಟ್ಕೊ," ಎಂದರು.

ನನ್ನ ಮೈ ಉರಿದುಹೋಯಿತು. "ಇಟ್ಕೊ ಅನ್ನೋಕೆ ಅದು ಯಾವತ್ತು ನಿಮ್ಮದಾಗಿತ್ತು ಭಾವ?" ಎಂದೆ. "ನಿಮ್ಮ ಬೈಕು ಗೇಟಿಗೆ ಅಡ್ಡ ಇದೆ, ತೆಗೀರಿ. ನಂಗೆ ಡ್ಯೂಟಿಗೆ ಹೊತ್ತಾಯ್ತು."

ನನ್ನ ಗಂಡ ಓಡಿಹೋಗಿ ಗೇಟು ತೆರೆದರು. ಭಾವ ಬೈಕು ಪಕ್ಕಕ್ಕೆ ತಳ್ಳಿದರು.