ನೀಲಿ ಲಾಡಿಯ ಚೀಲಗಳು

ಪೆಟ್ಟಿಗೆಯಲ್ಲಿ ಇಪ್ಪತ್ತು ಚೀಲ ಇರಬೇಕಿತ್ತು. ಹದಿನೆಂಟಿದ್ದವು. ಟೈಲರಮ್ಮ ಮೂರು ಸಲ ಎಣಿಸಿದಳು. ಮೂರು ಸಲವೂ ಹದಿನೆಂಟೇ.

ಬಿರುಗಾಳಿಯ ಕಾಲಕ್ಕೆ ಇನ್ನು ಹದಿನೈದು ದಿನವಿತ್ತು. ಬೀದಿಯ ಉಳಿದವರೆಲ್ಲ ಒಂದಿಷ್ಟು ಬಿಸ್ಕತ್ತು, ಮೇಣದಬತ್ತಿ, ಟಾರ್ಚಿನ ಸೆಲ್ಲು ತಂದಿಟ್ಟು ಕೈತೊಳೆದುಕೊಳ್ಳುತ್ತಿದ್ದರು. ಟೈಲರಮ್ಮನ ಪದ್ಧತಿಯೇ ಬೇರೆ. ಹೊಲಿಗೆಯಲ್ಲಿ ಉಳಿದ ತುಂಡುಬಟ್ಟೆಯಿಂದ ಚೀಲ ಹೊಲಿದು, ತಿನ್ನುವುದನ್ನು ತುಂಬಿ, ಒಬ್ಬೊಬ್ಬರಿಗೂ ದಿನಕ್ಕೊಂದರಂತೆ ಐದು ದಿನಕ್ಕೆ ಐದು ಚೀಲ ಕಟ್ಟಿಡುತ್ತಿದ್ದಳು. ಮನೆಯಲ್ಲಿ ನಾಲ್ವರು. ಅತ್ತೆಗೆ ಸಕ್ಕರೆ ಕಾಯಿಲೆ, ಮಗಳಿಗೆ ಕಡಲೆಬೀಜ ಬಾಯಿಗೆ ಬಿದ್ದರೆ ಮೈಯೆಲ್ಲ ದದ್ದು. ಒಬ್ಬರ ಚೀಲ ಇನ್ನೊಬ್ಬರ ಕೈಗೆ ಹೋಗಬಾರದೆಂದು ಲಾಡಿಗಳಿಗೆ ಬೇರೆಬೇರೆ ಬಣ್ಣ: ಅತ್ತೆಗೆ ಕೆಂಪು, ಮಗಳಿಗೆ ಹಳದಿ, ತನಗೆ ಹಸಿರು, ಗಂಡನಿಗೆ ನೀಲಿ. ಕತ್ತಲಲ್ಲಿ ಬಣ್ಣ ಯಾರಿಗೆ ಕಾಣುತ್ತೆ ಎಂದು ಗಂಡ ಕಿಚಾಯಿಸಿದ ಮೇಲೆ ಲಾಡಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕದಲ್ಲಿ ಗಂಟುಗಳನ್ನೂ ಹಾಕಿದ್ದಳು.

ಮೊದಲ ಗುಮಾನಿ ಮಾಳಿಗೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಮೇಲೆ ಹೋಯಿತು. ಪೆಟ್ಟಿಗೆ ಇರುವುದು ಮೆಟ್ಟಿಲ ಕೆಳಗೆ, ಆ ಮನುಷ್ಯ ದಿನಕ್ಕೆ ಹತ್ತು ಸಲ ಹತ್ತಿಳಿಯುವುದು ಅದರ ಮೇಲೆಯೇ. ಸಾಲದ್ದಕ್ಕೆ ಹೆಗಲಿಗೊಂದು ದೊಡ್ಡ ಚೀಲ. ಟೈಲರಮ್ಮ ಹೊಲಿಗೆ ಯಂತ್ರವನ್ನು ಮೆಟ್ಟಿಲ ಕಡೆಗೆ ತಿರುಗಿಸಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

"ಏನಮ್ಮಾ, ದಿನಾ ನನ್ನ ಅಳತೆ ತಗೊಳ್ತಿರೋ ಹಾಗಿದೆ?" ಎಂದು ಮೇಷ್ಟ್ರೇ ಒಂದು ದಿನ ಕೇಳಿದರು.

"ಬಟ್ಟೆ ಕೊಟ್ರೆ ಹೊಲೀತೀನಿ ಬಿಡಿ," ಎಂದಳು, ಅವರ ಚೀಲದಿಂದ ಕಣ್ಣು ಕೀಳದೆ.

ಆಮೇಲೆ ಮೇಷ್ಟ್ರು ರಜೆ ಹಾಕಿ ಅಣ್ಣನ ಮನೆಗೆ ಹೋದರು. ಅವರು ಹೋದ ದಿನವೂ ಹದಿನೆಂಟಿದ್ದವು; ಮರುದಿನ ಎಣಿಸಿದರೆ ಹದಿನಾರು.

ಈಗ ಉಳಿದದ್ದು ಅತ್ತೆ. ಸಿಹಿ ಕಂಡರೆ ಬಾಯಿ ಬಿಡುವ ಜೀವ. ಟೈಲರಮ್ಮ ಅವರ ದಿಂಬಿನಡಿ ತಡಕಿದಳು. ಏನೂ ಸಿಗಲಿಲ್ಲ. ಕೊನೆಗೆ ಕೇಳಿಯೇಬಿಟ್ಟಳು.

"ಅತ್ತೆ, ಪೆಟ್ಟಿಗೆ ಕಡೆ ಏನಾದ್ರೂ ಹೋಗಿದ್ರಾ?"

"ನನ್ನ ಮಂಡಿ ನೋಡಿ ಮಾತಾಡೇ. ಅಲ್ಲಿ ಬಗ್ಗಿದ್ರೆ ನನ್ನನ್ನ ಎತ್ತೋಕೆ ನಾಲ್ಕು ಜನ ಬೇಕು."

ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಅವಳು ಆಗ ಮಾಡಿದಳು. ಪೆಟ್ಟಿಗೆಯನ್ನು ನೆಲದ ಮೇಲೆ ಸುರಿದು ಬಣ್ಣ ಬಣ್ಣವಾಗಿ ಬೇರ್ಪಡಿಸಿದಳು. ಕೆಂಪು ಐದು, ಹಳದಿ ಐದು, ಹಸಿರು ಐದು. ನೀಲಿ ಒಂದೇ ಒಂದು.

ಕಳ್ಳನಾಗಿದ್ದರೆ ಬಣ್ಣದ ಗೊಡವೆ ಅವನಿಗ್ಯಾಕೆ? ಗಂಡ ತನ್ನ ಪಾಲನ್ನು ಮಾತ್ರ, ಮನೆಯವರದನ್ನು ಮುಟ್ಟದೆ, ಒಂದೊಂದಾಗಿ ಸಾಗಿಸುತ್ತಿದ್ದಾನೆ. ಗಾಳಿ ಬಂದಾಗ ಅವನು ಇರುವುದು ಇನ್ಯಾವುದೋ ಮನೆಯಲ್ಲಿ. ಯಾರ ಮನೆಯಲ್ಲಿ?

ತಲೆಗೆ ಹೊಕ್ಕ ಹುಳ ಸುಮ್ಮನಿರಲಿಲ್ಲ. ಅಟ್ಟದ ಮೇಲಿನ ಕಂಬಳಿಯೂ ಕಾಣೆಯಾಗಿತ್ತು. ಅವನು ಫೋನ್ ಹಿಡಿದು ಹಿತ್ತಲಿಗೆ ಹೋಗಿ ಪಿಸುಗುಡುವುದು ಹೆಚ್ಚಾಗಿತ್ತು. ಮೊನ್ನೆ ಮಗಳು "ಗಾಳಿ ಬಂದ್ರೆ ನೀನು ಇರ್ತೀಯಲ್ಲಪ್ಪಾ?" ಎಂದು ಕೇಳಿದ್ದಕ್ಕೆ "ಇನ್ನೆಲ್ಲಿಗೆ ಹೋಗ್ಲಿ?" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದ. ಊರಿನ ಮಳೆನೀರನ್ನು ಹೊರಕ್ಕೆ ಎತ್ತಿಹಾಕುವ ಪಂಪ್‌ಹೌಸಿನಲ್ಲಿ ಅವನಿಗೆ ಕೆಲಸ. ಹೋದ ವರ್ಷ ಗಾಳಿಯ ನಡುವೆ ಅಲ್ಲಿಂದ ತೊಯ್ದು ತೊಪ್ಪೆಯಾಗಿ ಮನೆಗೆ ಓಡಿಬಂದವನು ಇದೇ ಗಂಡ. ಅದನ್ನು ಅವಳು ಅಳತೆ ಕೊಡಲು ಬಂದವರಿಗೆಲ್ಲ ಹೇಳಿ ಬೀಗಿದ್ದಳು. ಈಗ ಅವರೆಲ್ಲರ ಮುಖ ನೆನೆದು ನಾಚಿಕೆಯಾಯಿತು.

ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಉಳಿದ ನೀಲಿ ಚೀಲವನ್ನು ಮುಂದಿಟ್ಟಳು.

"ಇದೊಂದನ್ನ ಯಾಕೆ ಬಿಟ್ರಿ? ತಗೊಂಡು ಹೋಗಿ. ಅವಳು ಯಾರು ಅಂತ ಮಾತ್ರ ಹೇಳಿ."

ಅವನಿಗೆ ನಗು ಬಂತು. ಅವಳ ಮುಖ ನೋಡಿ ನಿಂತುಹೋಯಿತು.

"ಎಲ್ಲಾ ಪಂಪ್‌ಹೌಸಿನ ಕಪಾಟಿನಲ್ಲಿದೆ. ಬೇಕಾದ್ರೆ ಬಂದು ನೋಡು. ಈ ಸಲದ ಗಾಳಿ ಡ್ಯೂಟಿಗೆ ಹೆಸರು ಕೊಟ್ಟಿದ್ದೀನಿ. ಐದು ದಿನ ಆದ್ರೂ ಅಲ್ಲಿಂದ ಕದಲೋದಿಲ್ಲ."

"ಕೊಟ್ಟಿದ್ದೀರಾ? ಅವರಾಗಿ ಬರ್ಕೊಂಡದ್ದಲ್ವಾ?"

"ನಾನಾಗೇ ಕೊಟ್ಟೆ."

ಯಾರೋ ಹೆಂಗಸಾಗಿದ್ದರೆ ಜಗಳವಾದರೂ ಆಡಬಹುದಿತ್ತು ಎನಿಸಿತು ಅವಳಿಗೆ. "ಹೋದ ವರ್ಷ ನಮಗೋಸ್ಕರ ಓಡಿಬಂದ್ರಿ. ಈ ವರ್ಷ ನಾವು ಬೇಡವಾದ್ವಾ?"

ಅವನು ಅವಳ ಹೊಲಿಗೆ ಸ್ಟೂಲಿನ ಮೇಲೆ ಕುಳಿತ.

"ಹೋದ ವರ್ಷ ಪಂಪು ಕೆಟ್ಟಿರಲಿಲ್ಲ ಕಣೇ."

ಪಂಪು ಕೆಟ್ಟಿತೆಂದೇ ಊರೆಲ್ಲ ನಂಬಿತ್ತು. ಅವತ್ತು ಕೆಳಗಿನ ಓಣಿಯಲ್ಲಿ ಎದೆಮಟ್ಟ ನೀರು ನಿಂತು, ಬೀಗ ರಿಪೇರಿಯವನ ತಾಯಿ ಹಾಸಿಗೆಯಿಂದ ಏಳಲಾಗದೆ ಸತ್ತಿದ್ದಳು. ಟೈಲರಮ್ಮ ಆ ಮನೆಗೆ ಹೋಗಿ, ಬೀಗದವನ ಹೆಂಡತಿಯ ಪಕ್ಕ ಕುಳಿತು, ಹಾಳು ಪಂಪಿಗೆ ಹಿಡಿಶಾಪ ಹಾಕಿ ಬಂದಿದ್ದಳು.

"ಗಂಟೆಗೊಂದು ಸಲ ಪಂಪಿನ ಜಾಲರಿಗೆ ಸಿಕ್ಕಿದ ಕಸ ತೆಗೀಬೇಕು. ಇಲ್ಲದಿದ್ರೆ ಅದು ತಾನಾಗೇ ನಿಂತುಬಿಡುತ್ತೆ," ಎಂದ. "ತೆಗೆಯೋಕೆ ನಾನಿರಲಿಲ್ಲ. ಕೆಡ್ತು ಅಂತ ಬರೆದುಕೊಟ್ಟೆ."

ಅವತ್ತು ಮನೆಗೆ ಏನೂ ಆಗಿರಲಿಲ್ಲ. ಬಚ್ಚಲ ಮೇಲಿನ ತಗಡು ಬಡಿದುಕೊಳ್ಳುತ್ತಿತ್ತು, ಮಗಳು ಅಳುತ್ತಿದ್ದಳು, ಅಷ್ಟೇ. ಅಷ್ಟಕ್ಕೇ ಟೈಲರಮ್ಮ ಅವನಿಗೆ ಏಳು ಸಲ ಫೋನ್ ಮಾಡಿದ್ದಳು. ಏಳನೆಯ ಸಲ, ಈಗಲೇ ಬರದಿದ್ದರೆ ಇನ್ನು ನಮ್ಮ ಮುಖ ನೋಡಬೇಡಿ ಎಂದಿದ್ದಳು.

"ಬೀಗದವನಿಗೆ ಗೊತ್ತಾ?"

"ಇನ್ನೂ ಹೇಳಿಲ್ಲ. ಗಾಳಿಯ ಕಾಲ ಮುಗೀಲಿ, ಹೇಳ್ತೀನಿ."

"ನನಗೂ ಹೇಳಲಿಲ್ಲ ನೀವು."

"ಹೇಳಿದ್ರೆ ಆ ಬೀಗದವನ ಅಂಗಡಿ ಮುಂದೆ ನೀನು ಹೇಗೆ ಓಡಾಡ್ತಿದ್ದೆ?"

ಒಳಗೆ ಅತ್ತೆ ಕೆಮ್ಮಿದರು. ಟೈಲರಮ್ಮ ಉಳಿದ ನೀಲಿ ಚೀಲವನ್ನು ಗಂಡನ ಕೈಗಿಟ್ಟಳು.

"ಈ ಸಲ ನಾನು ಫೋನ್ ಮಾಡೋದಿಲ್ಲ ಕಣ್ರೀ."

"ಮಾಡು," ಎಂದ ಅವನು. "ನಾನು ಎತ್ತೋದಿಲ್ಲ, ಅಷ್ಟೇ."