ಬಂದ ಜಡಿ, ತಂದ ಜಡಿ

ದೀಪಾವಳಿ ಕಳೆದ ವಾರ, ಬ್ಯಾಡಗಿಯ ಓಣಿಯ ನಲ್ಲಿಯ ಬಳಿ, ಡಾಕಪ್ಪನ ಕೈ ಬೇರೆಲ್ಲಿಗೂ ಹೋಗದೆ ನೇರವಾಗಿ ಹೆಂಡತಿ ಶೇಖವ್ವನ ಹೆರಳಿಗೇ ಹೋಯಿತು. ಮಕ್ಕಳಾಗಲಿಲ್ಲವೆಂಬ ಕಾರಣಕ್ಕೆ ರಾಣೆಬೆನ್ನೂರಿನಿಂದ ಇನ್ನೊಬ್ಬಳನ್ನು ತರುವ ಮಾತು ಮನೆಯಲ್ಲಿ ನಡೆದಿತ್ತು. "ನಾ ಒಪ್ಪೂದಿಲ್ಲ" ಎಂದು ಶೇಖವ್ವ ಹೇಳಿದ್ದು ಒಂದು ತಪ್ಪಾಯಿತು. ನೀರಿಗೆ ನಿಂತ ಹೆಂಗಸರೆದುರು ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪಾಯಿತು. ನಲ್ಲಿಯಿಂದ ಹೊಸ್ತಿಲವರೆಗೆ ಅವನು ಅವಳನ್ನು ಹೆರಳು ಹಿಡಿದೇ ಎಳೆದೊಯ್ದ. ಅವಳ ತಾಮ್ರದ ಕೊಡ ಚರಂಡಿಯವರೆಗೆ ಉರುಳಿತು. ಯಾರೂ ಬಿಡಿಸಲು ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅತ್ತೆ ಗುಡ್ಡವ್ವ, "ಒಳಗ ಕರಕೊಂಡ ಬಾರೋ, ಮಂದಿ ನೋಡಾಕತ್ತಾರ" ಎಂದಳಷ್ಟೆ.

ಅಂದಿನಿಂದ ಶೇಖವ್ವ ತಲೆ ಬಾಚಲಿಲ್ಲ. ಮೊದಮೊದಲು ಅದರಲ್ಲಿ ಉದ್ದೇಶವೇನೂ ಇರಲಿಲ್ಲ. ಬುಡವೆಲ್ಲ ಹುಣ್ಣಾಗಿ, ಹಣಗಿಯ ಹಲ್ಲು ತಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಹುಣ್ಣು ಮಾಯುವ ಹೊತ್ತಿಗೆ ಕಿವಿಯ ಹಿಂದೆ ಒಂದು ಗಂಟು ಕೈಗೆ ಸಿಕ್ಕಿತು. ಬಿಡಿಸಲು ಹೋದ ಬೆರಳುಗಳು ಅಲ್ಲಿಯೇ ನಿಂತವು.

ಅವಳಿಗೆ ಗಳಗನಾಥದ ದೊಡ್ಡವ್ವ ನೆನಪಾದಳು. ದೊಡ್ಡವ್ವನ ಬೆನ್ನಿನ ಮೇಲೆ ಒಂದು ಕಾಲಕ್ಕೆ ಗಂಡನ ಬಾರುಕೋಲಿನ ಬರೆಗಳಿದ್ದವು. ಆಮೇಲೆ ಅವಳ ಕೂದಲು ಗಂಟುಗಟ್ಟಿ ಹಗ್ಗವಾಯಿತು; ಎಲ್ಲವ್ವನ ಜಡಿ ಇಳಿದಿದೆ ಎಂದರು. ಅದೇ ಗಂಡ ಹುಣ್ಣಿಮೆಗೊಮ್ಮೆ ಆ ಜಡಿಗೆ ದೇವಿಯ ಅರಿಷಿಣ, ಭಂಡಾರ, ಹಚ್ಚಿ ಕಾಲಿಗೆ ಬೀಳತೊಡಗಿದ. ಜಡಿ ಹೊತ್ತವಳ ಮೇಲೆ ಕೈ ಎತ್ತುವಂತಿಲ್ಲ, ಜಡಿಗೆ ಕತ್ತರಿ ತಾಕಿಸುವಂತಿಲ್ಲ. ಅವಳು ತನ್ನ ಕೈಯಾರೆ ಅರಿಷಿಣ ಮುಟ್ಟಿಸದೆ ಆ ಮನೆಯಲ್ಲಿ ಮದುವೆಯ ಹಂದರ ಏಳುವಂತಿಲ್ಲ.

ಯಾವ ಕೂದಲನ್ನು ಹಿಡಿದು ಎಳೆದನೋ ಅದೇ ಕೂದಲಿಗೆ ಅವನ ಹಣೆ ಬಾಗಬೇಕು. ಶೇಖವ್ವ ಆ ದಿನ ತನ್ನ ಹಣಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ತಾನು ಕೂಲಿ ಮಾಡುವ ಮೆಣಸಿನಕಾಯಿ ಅಂಗಡಿಗೆ ಹೋದಳು. ಅಲ್ಲಿ ಪಕ್ಕದಲ್ಲೇ ಕುಳಿತು ಕಾಯಿಯ ತೊಟ್ಟು ಮುರಿಯುತ್ತಿದ್ದ ಅಮೀರಬಿಯ ಮಡಿಲಿಗೆ ಅದನ್ನು ಹಾಕಿ, "ಇಟಗೋ. ನಾನಾಗಿ ಕೇಳಿದ್ರೂ ಕೊಡಬ್ಯಾಡ" ಎಂದಳು.

ಜಡಿ ಬೆಳೆಸುವುದೆಂದರೆ ಸುಮ್ಮನೆ ಬಿಡುವುದಲ್ಲವೆಂದು ಅವಳಿಗೆ ಬೇಗನೆ ತಿಳಿಯಿತು. ಎಳೆಯ ಜಡಿ ನಂಬಿಕೆಗೆ ಅರ್ಹವಲ್ಲದ ವಸ್ತು: ಎಣ್ಣೆ ತಾಕಿದರೆ ಜಾರುತ್ತದೆ, ನೀರು ತಾಕಿದರೆ ಸಡಿಲಾಗುತ್ತದೆ. ತಲೆಸ್ನಾನದ ದಿನ ಅವಳು ಬಚ್ಚಲಿನಲ್ಲಿ ಮೈಗಷ್ಟೇ ನೀರು ಹೊಯ್ದುಕೊಂಡು, ಅತ್ತೆಯ ಕಣ್ಣಿಗಾಗಿ ಹಣೆಯ ಅಂಚನ್ನು ತೋಯಿಸಿ, ತಲೆತುಂಬ ಸೆರಗು ಹೊದ್ದು ಹೊರಬರುತ್ತಿದ್ದಳು. ಒಂದೊಂದೇ ಎಸಳನ್ನು ಅಂಗೈಗಳ ನಡುವೆ ಒಲೆಯ ಬೂದಿ ಸೇರಿಸಿ ಹೊಸೆಯುತ್ತಿದ್ದಳು. ಹೊಸೆದದ್ದರಲ್ಲಿ ಅರ್ಧ ಬೆಳಗಾಗುವಷ್ಟರಲ್ಲಿ ಬಿಚ್ಚಿಕೊಂಡು ಜೋಳದ ಕೂಳೆಯಂತೆ ನಿಲ್ಲುತ್ತಿತ್ತು. ಹೇನು ಹೊಕ್ಕವು. ಒದ್ದೆ ಗೋಣಿಚೀಲದ ವಾಸನೆ ಹತ್ತಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸುಗ್ಗಿ ಆರಂಭವಾಗಿ ಖಾರದ ಧೂಳು ಗಾಳಿಯನ್ನು ತುಂಬಿದ್ದು. ಅದು ಗಂಟುಗಳೊಳಗೆ ಇಳಿದು ಬೆವರಿನೊಂದಿಗೆ ಕೂಡಿ, ನೆತ್ತಿಯ ಮೇಲೆ ಕೆಂಡ ಹರಡಿದಂತೆ ಉರಿಯುತ್ತಿತ್ತು.

"ಏನ ಶೇಖವ್ವಾ, ತಲಿಯಾಗ ಗುಬ್ಬಿ ಗೂಡು ಕಟ್ಟ್ಯಾವೇನ? ಮೊಟ್ಟಿ ಇಟ್ಟ ಮ್ಯಾಲ ಹೇಳು, ನನಗ ಎರಡು ಬೇಕು" ಎಂದಳು ಅಮೀರಬಿ.

"ಗುಬ್ಬಿ ಅಲ್ಲವಾ. ಹಾವಿನ ಮರಿ. ದೊಡ್ಡೂವಾಗ್ಲಿ ತಡಿ."

"ದೊಡ್ಡೂವಾಗೂತನಾ ನಿನ್ನ ತಲಿ ಉಳದಿದ್ರ ಚಲೋ."

ಅಂದು ಉರಿ ತಾಳದೆ ಶೇಖವ್ವ ಕೈ ಚಾಚಿದಳು. "ಹಣಗಿ ಕೊಡು. ಸಾಕಾತು."

"ಕೊಡಬ್ಯಾಡ ಅಂದಾಕಿ ಯಾರ?" ಅಮೀರಬಿ ತನ್ನ ಬುತ್ತಿಯ ಮಜ್ಜಿಗೆಯಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಗಂಟುಗಳ ನಡುವಿನ ಬರಿಯ ಚರ್ಮದ ಮೇಲಷ್ಟೇ ಒತ್ತಿದಳು. "ಖಾರಕ್ಕ ನೀರು ಹಾಕಬಾರದು, ಉರಿ ಹರಡ್ತೈತಿ. ಮಜ್ಜಿಗಿ ಎಳಕೋತೈತಿ. ಕುಂದ್ರು ಸುಮ್ನ." ಆಮೇಲೆ ತನ್ನ ಹಳೆಯ ಓಢಣಿಯನ್ನು ಧೂಳು ಒಳಹೋಗದಂತೆ ಅವಳ ತಲೆಗೆ ಬಿಗಿದು ಕಟ್ಟಿದಳು. ಶೇಖವ್ವ ಕಣ್ಣು ಮುಚ್ಚಿ, ಚರಂಡಿಯತ್ತ ಉರುಳುತ್ತಿದ್ದ ಕೊಡವನ್ನು ಮನಸ್ಸಿನಲ್ಲಿ ನೋಡಿದಳು. ಆ ಚಿತ್ರ ಮಜ್ಜಿಗೆಗಿಂತ ಹೆಚ್ಚು ಕೆಲಸ ಮಾಡಿತು.

ಸಂಕ್ರಾಂತಿಯ ಎಣ್ಣೆನೀರಿಗೆಂದು ಗುಡ್ಡವ್ವ ಸೊಸೆಯ ತಲೆಯ ಬಟ್ಟೆ ಎಳೆದಾಗ ಗುಟ್ಟು ಹೊರಬಿತ್ತು. ಬೈಯಲು ಬಾಯಿ ತೆರೆದವಳು ಗಂಟುಗಳನ್ನು ಕಂಡು ಕೈ ಹಿಂದಕ್ಕೆಳೆದುಕೊಂಡಳು. ಮರುದಿನವೇ ದೇವಿಯ ಬುಟ್ಟಿ, ಪಡ್ಲಗಿ, ಹೊತ್ತು ಬರುವ ಮುದುಕಿ ಜೋಗತಿ ಮರಿಯವ್ವನನ್ನು ಕರೆಸಿದರು. ಜಡಿ ದೇವಿಯದೋ ಬರಿಯ ಕೊಳಕೋ ಎಂದು ಹೇಳುವ ಅಧಿಕಾರ ಅವಳದು. ಅವಳು ಬೆರಳುಗಳನ್ನು ಬುಡದವರೆಗೆ ತೂರಿಸಿ, ಹೊರತೆಗೆದು ನೋಡಿದಳು. ಉಗುರಿನಲ್ಲಿ ಬೂದಿ ಇತ್ತು.

"ಬಂದದ್ದೇನ ಮಗಳ, ತಂದದ್ದೇನ?" ಎಂದು ಕಿವಿಯ ಬಳಿ ಕೇಳಿದಳು.

ಶೇಖವ್ವ ಆ ಉಗುರನ್ನು ತನ್ನ ಸೆರಗಿನಿಂದ ಒರೆಸಹೋದಳು.

"ಬಂದ ಜಡಿನೂ ತುರಸ್ತೈತಿ, ತಂದ ಜಡಿನೂ ತುರಸ್ತೈತಿ. ಹೊರೂದು ಕಲಿ." ಹೀಗೆ ಪಿಸುಗುಟ್ಟಿದವಳು ಮರುಕ್ಷಣ ಎದ್ದು, ಓಣಿಗೆಲ್ಲ ಕೇಳುವಂತೆ "ಎಲ್ಲವ್ವನ ಜಡಿ! ಉಧೋ ಉಧೋ" ಎಂದಳು.

ಡಾಕಪ್ಪ ಬಾಗಿದ. ಹಾವೇರಿಯ ಲಾರಿ ಬುಕಿಂಗ್ ಆಫೀಸಿನ ಗುಮಾಸ್ತ, ಇಸ್ತ್ರಿಯ ಅಂಗಿಯವನು, ತಾಯಿಯ ಅಂಜಿಕೆಗೆ ಮಣಿದು ಆ ಜಡಿಗೆ ಭಂಡಾರ ಹಚ್ಚಿದ. ಆದರೆ ಎದ್ದವನೇ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಅದನ್ನು ಕಂಡ ಶೇಖವ್ವನಿಗೆ ತನ್ನ ಸೇಡು ಇನ್ನೂ ಹಸಿದೇ ಇದೆ ಎನಿಸಿತು. ರಾಣೆಬೆನ್ನೂರಿನ ಹುಡುಗಿಯೊಂದಿಗಿನ ಮದುವೆಗೆ ಅರಿಷಿಣ ಮುಟ್ಟಿಸೆಂದು ಅತ್ತೆ ಕೈ ಮುಗಿದಾಗ ಅವಳು, "ಎಲ್ಲವ್ವ ಒಲ್ಲೆ ಅಂತಾಳ ಅತ್ತಿ. ನಂದೇನೈತಿ?" ಎಂದಳು.

ಯುಗಾದಿ ಕಳೆಯಿತು, ಹಂದರ ಏಳಲಿಲ್ಲ. ಆಗ ಡಾಕಪ್ಪ ತನ್ನ ದಾರಿ ಹುಡುಕಿದ. ಹಾವೇರಿಯಲ್ಲಿ ಜಡಿ ತೆಗೆಯುವ ಆರೋಗ್ಯ ಶಿಬಿರ ನಡೆದಿತ್ತು. ಒಂದು ಬೆಳಿಗ್ಗೆ ಅವನು ಅಲ್ಲಿಯ ಡಾಕ್ಟರಮ್ಮನನ್ನು ಜೀಪಿನಲ್ಲಿ ಓಣಿಗೇ ಕರೆತಂದು, ನೆರೆದವರೆದುರು ಭಾಷಣ ಮಾಡಿದ: "ದೇವರೂ ಇಲ್ಲ, ದಿಂಡರೂ ಇಲ್ಲ. ಬರೇ ಕೂದಲಾ ಇದು. ಎಣ್ಣಿ ಕಾಣದ ಕೂದಲಾ. ಅದಕ್ಕ ಅಂಜಾವರು ಹುಚ್ಚರು."

ಅವನು ಹೇಳಿದ್ದು ಖರೆಯೇ ಆಗಿತ್ತು. ಅದು ಶೇಖವ್ವನಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರಲಿಲ್ಲ. ಡಾಕ್ಟರಮ್ಮ ಅವಳೆದುರು ಕುಕ್ಕರಗಾಲಿನಲ್ಲಿ ಕುಳಿತು, "ನೀವು ಒಪ್ಪಿದರೆ ಮಾತ್ರ ತೆಗೀತೀವಿ. ಇಲ್ಲಾಂದ್ರೆ ಮುಟ್ಟೋದಿಲ್ಲ" ಎಂದರು. ಆ ಮನೆಗೆ ಬಂದಾಗಿನಿಂದ ಅವಳ ಒಪ್ಪಿಗೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಒಲ್ಲೆನೆಂದರೆ, ನಿದ್ದೆಯಲ್ಲಿರುವಾಗ ಡಾಕಪ್ಪನೇ ಕತ್ತರಿ ಹಿಡಿದಾನು. ಹೂಂ ಎಂದರೆ ಅವನು ಗೆದ್ದ. ಅವಳು ಬಾಗಿಲ ಪಟ್ಟಿಯ ಮೇಲೆ ಒಣಗಿ ತೂಗುತ್ತಿದ್ದ ಯುಗಾದಿಯ ತೋರಣವನ್ನು ನೋಡಿದಳು.

"ತಗೀರಿ ಅಕ್ಕಾರ. ಆದ್ರ ತಗದದ್ದು ನನ್ನ ಕೈಯಾಗ ಕೊಡಬೇಕು."

ಕತ್ತರಿ ಆಡಿತು. ಬಿಸಿನೀರು, ಸೀಗೆಕಾಯಿ ನೆತ್ತಿಗೆ ಇಳಿದಾಗ ಅವಳ ಮೈಯೆಲ್ಲ ಜುಮ್ಮೆಂದಿತು. ಎಷ್ಟೋ ತಿಂಗಳ ತುರಿಕೆ ಬೂದುನೀರಾಗಿ ಹರಿದುಹೋಯಿತು. ಜೀಪು ಹೋದ ಮೇಲೆ ಅವಳು ತಾಮ್ರದ ಕೊಡವನ್ನು ಹೊಸ್ತಿಲ ಬಳಿ ಬೋರಲು ಹಾಕಿ, ಅದರ ಮೇಲೆ ನಿಂತು, ತೋರಣದ ದಾರಕ್ಕೇ ಜಡಿಯನ್ನು ಕಟ್ಟಿದಳು. ಒಳಬರುವವರ ತಲೆಗೆ ತಾಕುವಷ್ಟು ಕೆಳಗೆ ಅದು ತೂಗಿತು. ಅದಕ್ಕೆ ಕೈತುಂಬ ಭಂಡಾರ ಹಚ್ಚಿ ಇಳಿದಳು. ಗುಡ್ಡವ್ವ ಅಂಗಳದಲ್ಲೇ ನಿಂತು ಕೈ ಮುಗಿದಳು; ಅದನ್ನು ಇಳಿಸಲು ಮಗನನ್ನೂ ಬಿಡಲಿಲ್ಲ.

ಅದೇ ವಾರ, ಮದುವೆ ಗೊತ್ತುಮಾಡಲು ರಾಣೆಬೆನ್ನೂರಿನವರು ಟೆಂಪೋದಲ್ಲಿ ಬಂದಿಳಿದರು. ಹುಡುಗಿಯ ತಾಯಿ ಬಾಗಿಲ ಮುಂದೆ ನಿಂತಳು.

"ಯಾರ ಜಡಿ ಇದು?"

"ಈ ಮನಿ ಹಿರಿ ಸೊಸಿದು. ನಂದು" ಎಂದಳು ಶೇಖವ್ವ.

"ಇದರ ಕೆಳಗ ನನ್ನ ಮಗಳನ್ನ ಹೆಂಗ ಕರಕೊಂಡ ಬರಲಿ?"

ಓಣಿಯೆಲ್ಲ ಹೊರಗೆ ಬಂದಿತ್ತು. ಡಾಕಪ್ಪ ಮುಂದೆ ಬಂದು ಕೈ ಎತ್ತಿದ. ಕೈ ಜಡಿಯಿಂದ ಗೇಣು ದೂರದಲ್ಲಿ ನಿಂತಿತು. ಶೇಖವ್ವ ಸೆರಗು ಸರಿಮಾಡಿಕೊಂಡು, ಗಂಡನಿಗೆ ಕೊಡಬೇಕಾದ ಮರ್ಯಾದೆಯನ್ನು ಎಳ್ಳಷ್ಟೂ ಕಡಿಮೆ ಮಾಡದೆ ಹೇಳಿದಳು: "ಬರೇ ಕೂದಲಾ ಅಂದಿದ್ರಿ. ಎಳೀರಿ. ನಿಮ್ಮ ಕೈಗೆ ರೂಢಿ ಐತಿ."

ಗುಡ್ಡವ್ವ ಹಿಂದಿನಿಂದ, "ಮುಟ್ಟಬ್ಯಾಡೋ, ಮನಿ ಹಾಳಾಗ್ತೈತಿ" ಎಂದಳು. ಕೈ ಕೆಳಗಿಳಿಯಿತು. ಟೆಂಪೋ ತಿರುಗಿಸಲು ಓಣಿ ಇಕ್ಕಟ್ಟಾಗಿದ್ದರಿಂದ, ಅದು ಹಿಮ್ಮುಖವಾಗಿಯೇ ರಸ್ತೆಯವರೆಗೆ ಹೋಯಿತು. ಅಂದಿನಿಂದ ಡಾಕಪ್ಪ ಆಫೀಸಿಗೆ ಹಿತ್ತಲ ಬಾಗಿಲಿನಿಂದ ಹೋಗಿಬರತೊಡಗಿದ.

ಮರುದಿನ ಮೆಣಸಿನಕಾಯಿ ಅಂಗಡಿಯಲ್ಲಿ ಶೇಖವ್ವ ಕೈ ಚಾಚಿದಳು. "ಹಣಗಿ ಕೊಡು."

"ತಲಿಯಾಗ ಏನೈತಂತ ಬಾಚ್ತಿ?" ಎನ್ನುತ್ತಲೇ ಅಮೀರಬಿ ಕೊಟ್ಟಳು.

ಬೆರಳುದ್ದದ ಕೂದಲಿನಲ್ಲಿ ಹಣಗಿ ಎಲ್ಲಿಯೂ ನಿಲ್ಲದೆ ಹೋಯಿತು. ಶೇಖವ್ವ ಮತ್ತೊಮ್ಮೆ ಬಾಚಿಕೊಂಡಳು.

"ಬಾಗಲದಾಗಿಂದು ಯಾವಾಗ ಇಳಸ್ತಿ?"

"ಅವರು ಕೇಳಲಿ, ಇಳಸ್ತೀನಿ" ಎಂದು ಶೇಖವ್ವ ಕಾಯಿಯ ರಾಶಿಯನ್ನು ತನ್ನತ್ತ ಎಳೆದುಕೊಂಡಳು. "ಮನ್ಯಾಗ ಅಲ್ಲ. ನಳದ ಮುಂದ, ನೀರು ಬಂದ ಹೊತ್ತಿಗೆ."